ಮಗುವಿನ ತುಟಿ ನೋಡಿದವರು ಅಪ್ಪನ ತುಟಿಯನ್ನೂ ನೋಡಬೇಕು

ಸೀಳು ತುಟಿ ಆಪರೇಷನ್ ಬಗ್ಗೆ ಆಸ್ಪತ್ರೆ ಗೋಡೆಗಳ ಮೇಲೆ ಸಾಮಾನ್ಯವಾಗಿ ಒಂದೇ ಥರದ ಪೋಸ್ಟರ್ ಇರುತ್ತದೆ. ಎಡಗಡೆ ತುಟಿ ಸೀಳಿದ ಮಗು, ಬಲಗಡೆ ಅದೇ ಮಗು ನಗುತ್ತಾ ಇರುವ ಫೋಟೋ, ನಡುವೆ ಒಂದು ಬಾಣ. ಒಳ್ಳೆಯ ಪೋಸ್ಟರೇ. ಅದನ್ನು ನೋಡಿ ಧೈರ್ಯ ಮಾಡಿ ಬಂದ ಅಪ್ಪ-ಅಮ್ಮಂದಿರು ಎಷ್ಟೋ ಜನ. ಆದರೆ ನಾನು ಮಾತಿನ ಥೆರಪಿ ಮಾಡುವವಳು. ನನ್ನ ಹತ್ತಿರ ಮಕ್ಕಳು ಬರೋದು ಆ ಬಾಣ ದಾಟಿದ ಮೇಲೆ. ತುಟಿ ಕೂಡಿದೆ, ಅಂಗಳ (ಬಾಯೊಳಗಿನ ಮೇಲ್ಛಾವಣಿ) ಮುಚ್ಚಿದೆ, ಫೋಟೋನೂ ಆಗಿದೆ. ಮಾತು ಮಾತ್ರ ಇನ್ನೂ ಮೂಗಿನಲ್ಲೇ ಇದೆ.

ಅಂಥ ಕೆಲವು ಮಕ್ಕಳ ಫೈಲು ಬಿಡಿಸಿದರೆ ಬೇರೆ ಬೇರೆ ಸಂಗತಿಗಳು ಹೊರಬೀಳುತ್ತವೆ. ಹುಟ್ಟಿದಾಗ ಹೃದಯದಲ್ಲಿ ತೂತು ಅಂದಿದ್ದರು. ಎಳೆಗೂಸಾಗಿದ್ದಾಗ ಒಮ್ಮೆ ಫಿಟ್ಸ್ ಬಂದಿತ್ತು. ಪದೇ ಪದೇ ಜ್ವರ. ಶಾಲೆಯಲ್ಲಿ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಒಂದೊಂದಕ್ಕೂ ಒಬ್ಬೊಬ್ಬ ಡಾಕ್ಟರು, ಒಂದೊಂದು ಚೀಟಿ. ಇವೆಲ್ಲಕ್ಕೂ ಕಾರಣ ಒಂದೇ ಇರಬಹುದಾ ಅಂತ ಕೇಳಿದವರು ಮಾತ್ರ ಯಾರೂ ಇಲ್ಲ.

ಆ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಏನಾಗುತ್ತಿತ್ತು ಅನ್ನೋದೇ ಈ ಬರಹ.

ಮೊದಲು ಒಂದಿಷ್ಟು ಲೆಕ್ಕ. ಜಗತ್ತಿನಲ್ಲಿ ಹುಟ್ಟುವ ಸುಮಾರು 700 ಮಕ್ಕಳಲ್ಲಿ ಒಂದು ಮಗುವಿಗೆ ತುಟಿಯೋ ಅಂಗಳವೋ ಸೀಳಿರುತ್ತದೆ. ಇದರಲ್ಲಿ ಹೆಚ್ಚಿನವು ಒಂಟಿ ಸೀಳುಗಳು. ಅಂದರೆ ಮಗುವಿಗೆ ಬೇರೇನೂ ತೊಂದರೆ ಇರುವುದಿಲ್ಲ. ತುಟಿ ಸೀಳಿರುವ ಮಕ್ಕಳಲ್ಲಿ, ಅಂಗಳವೂ ಸೀಳಿರಲಿ ಬಿಡಲಿ, ನೂರಕ್ಕೆ ಸುಮಾರು 70 ಮಂದಿ ಹೀಗೆ. ಅಂಗಳ ಮಾತ್ರ ಸೀಳಿರುವ ಮಕ್ಕಳಲ್ಲಿ ಈ ಪ್ರಮಾಣ ನೂರಕ್ಕೆ ಹೆಚ್ಚುಕಮ್ಮಿ 50ಕ್ಕೆ ಇಳಿಯುತ್ತದೆ. ಉಳಿದವರಲ್ಲಿ ಸೀಳಿನ ಜೊತೆ ಇನ್ನೇನೋ ಇರುತ್ತದೆ: ಹೃದಯ, ಕಣ್ಣು, ಕಿವಿ, ಬೆರಳು, ಬೆಳವಣಿಗೆ. ಅವರಲ್ಲಿ ಕೆಲವರಿಗೆ ಹೆಸರಿಟ್ಟು ಹೇಳಬಹುದಾದ ಸಿಂಡ್ರೋಮ್, ಅಂದರೆ ಒಂದೇ ಕಾರಣದಿಂದ ಒಟ್ಟಿಗೆ ಬರುವ ತೊಂದರೆಗಳ ಗುಂಪು, ಇರುತ್ತದೆ. ಸೀಳು ಒಂದು ಭಾಗವಾಗಿರುವ ಸಿಂಡ್ರೋಮ್‌ಗಳು ನೂರಾರಿವೆ. ಒಂದೊಂದೂ ಅಪರೂಪ. ಎಲ್ಲ ಸೇರಿದರೆ ಅಷ್ಟೇನೂ ಅಪರೂಪವಲ್ಲ.

ಗಮನಿಸಿ: ಮುಖದ ಮೇಲೆ ಎದ್ದು ಕಾಣುವ ಸೀಳಿಗಿಂತ ಬಾಯೊಳಗೆ ಅಡಗಿರುವ ಸೀಳಿನ ಮೇಲೇ ಜಾಸ್ತಿ ಅನುಮಾನ ಪಡಬೇಕು. ಪೋಸ್ಟರಿನಲ್ಲಿ ಬರೋದು ಮೊದಲನೆಯದು. ಅಂಗಳದ ಫೋಟೋ ಹಾಕಿ ಯಾರೂ ಪೋಸ್ಟರ್ ಮಾಡುವುದಿಲ್ಲ.

ಒಂಟಿ ಸೀಳಿಗೆ ಕಾರಣ ಹುಡುಕಿ ಹೊರಟರೆ ಒಂದೇ ಒಂದು ಸಿಗುವುದಿಲ್ಲ. ಬಸಿರಿನ ನಾಲ್ಕನೇ ವಾರದಿಂದ ಏಳನೇ ವಾರದೊಳಗೆ ತುಟಿ ಕೂಡಿಕೊಳ್ಳುತ್ತದೆ. ಅದಾದ ಮೇಲೆ, ಮೂರು ತಿಂಗಳು ತುಂಬುವ ಹೊತ್ತಿಗೆ ಅಂಗಳ. ತುಟಿ ಕೂಡುವ ಹೊತ್ತಿಗೆ ಎಷ್ಟೋ ಹೆಂಗಸರಿಗೆ ಬಸಿರು ನಿಂತಿರುವುದು ಈಗಷ್ಟೇ ಗೊತ್ತಾಗಿರುತ್ತದೆ. ಹತ್ತಾರು ಜೀನ್‌ಗಳ ಸಣ್ಣ ಸಣ್ಣ ಪ್ರಭಾವ, ಬೀಡಿ-ಸಿಗರೇಟಿನ ಹೊಗೆ, ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್, ಟೊಪಿರಮೇಟ್ ಥರದ ಮಾತ್ರೆಗಳು, ಬಸಿರಿಗೆ ಮುಂಚಿನಿಂದ ಇರುವ ಸಕ್ಕರೆ ಕಾಯಿಲೆ, ಎಲ್ಲವೂ ಸೇರಿ ಆಗುವಂಥದ್ದು. ಗ್ರಹಣದ ದಿನ ಹೊರಗೆ ಬಂದಿದ್ದಕ್ಕೋ ತರಕಾರಿ ಹೆಚ್ಚಿದ್ದಕ್ಕೋ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಮತ್ತೊಬ್ಬರು ಕೇಳುತ್ತಾರೆ. ಕೇಳಲಿ ಬಿಡಿ, ಹೇಳೋಕೆ ನಾವಿದ್ದೇವೆ.

ಇನ್ನು ಅಪ್ಪನ ತುಟಿಯ ವಿಷಯ.

1942ರಲ್ಲಿ ಡೆನ್ಮಾರ್ಕಿನ ಪೌಲ್ ಫಾಗ್-ಆಂಡರ್ಸನ್ ಅನ್ನುವ ಸರ್ಜನ್ ಸೀಳು ತುಟಿ, ಸೀಳು ಅಂಗಳ ಇದ್ದವರ ಮನೆತನಗಳನ್ನು ಅಧ್ಯಯನ ಮಾಡಿ ಒಂದು ಮುಖ್ಯ ಮಾತು ಹೇಳಿದರು. ತುಟಿ ಸೀಳು ಬರುವ ಮನೆತನದಲ್ಲಿ ತುಟಿ ಸೀಳೇ ಬರುತ್ತದೆ, ಜೊತೆಗೆ ಅಂಗಳವೂ ಸೀಳಿರಬಹುದು. ಅಂಗಳ ಮಾತ್ರ ಸೀಳುವ ಮನೆತನದಲ್ಲಿ ಅದೇ ಬರುತ್ತದೆ. ಎರಡೂ ಬೇರೆ ಬೇರೆ ದಾರಿ. ಈ ಮಾತು ಇವತ್ತಿಗೂ ನಿಂತಿದೆ. ಆದರೆ ಕೆಲವು ಮನೆಗಳು ಇದಕ್ಕೆ ಬಗ್ಗುವುದಿಲ್ಲ. ಅಣ್ಣನಿಗೆ ತುಟಿ ಸೀಳು, ತಂಗಿಗೆ ಅಂಗಳ ಮಾತ್ರ. ಹಾಗೆ ಕಂಡ ತಕ್ಷಣ ಆ ಮನೆಯವರ ಕೆಳತುಟಿ ನೋಡಬೇಕು.

ಸೀಳು ಬರೋದು ಮೇಲ್ತುಟಿಯಲ್ಲಿ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಕೆಳತುಟಿಯ ನಟ್ಟನಡುವಿನ ಆಚೆ-ಈಚೆ ಎರಡು ಚಿಕ್ಕ ಗುಳಿಗಳಿದ್ದರೆ, ಕೆಲವರಲ್ಲಿ ಗುಳಿಯ ಬದಲು ಎರಡು ಚಿಕ್ಕ ಉಬ್ಬುಗಳು, ಅದು ವ್ಯಾನ್ ಡರ್ ವೂಡ್ ಸಿಂಡ್ರೋಮ್‌ನ ಗುರುತು. ಆನ್ ವ್ಯಾನ್ ಡರ್ ವೂಡ್ ಎಂಬ ವೈದ್ಯೆ 1954ರಲ್ಲಿ ಈ ಗುಳಿಗೂ ಸೀಳಿಗೂ ವಂಶದಲ್ಲಿ ನಂಟಿದೆ ಅಂತ ತೋರಿಸಿದರು. ಸೀಳಿರುವ ನೂರು ಮಂದಿಯಲ್ಲಿ ಸುಮಾರು ಇಬ್ಬರಿಗೆ ಈ ಸಿಂಡ್ರೋಮ್ ಇರುತ್ತದೆ. ಗುಳಿಯಿಂದ ಕೆಲವರಿಗೆ ಸದಾ ಜೊಲ್ಲಿನ ಪಸೆ ಒಸರುತ್ತಿರುತ್ತದೆ. ಕೆಲವರಿಗೆ ಅಷ್ಟೂ ಇಲ್ಲ, ಸುಮ್ನೆ ಒಂದು ಗುರುತು. ಇದೇ ಜೀನ್ ದೋಷ ಅಪ್ಪನಲ್ಲಿ ಬರೀ ಗುಳಿಯಾಗಿ, ಮಗನಲ್ಲಿ ಎರಡೂ ಬದಿಯ ಸೀಳಾಗಿ ಬರಬಹುದು.

ನನಗೆ ನೆನಪಿರುವ ಒಂದು ಮಧ್ಯಾಹ್ನ. ಮಗು, ಅಮ್ಮ, ಅಜ್ಜಿ ಎದುರಿಗಿದ್ದಾರೆ. ಅಜ್ಜಿ ಅಂದರೆ ಗಂಡನ ತಾಯಿ. ಮನೆತನದ ವಿಷಯ ಕೇಳಲು ಶುರು ಮಾಡುತ್ತಿದ್ದ ಹಾಗೇ ಅಜ್ಜಿ, "ನಮ್ ಕಡೆ ಯಾರಿಗೂ ಇಲ್ಲಮ್ಮ. ಇವಳ ಕಡೆ ಏನಿದೆಯೋ ನೀವೇ ಕೇಳಿ," ಅಂದರು. ಸೊಸೆ ತಲೆ ಎತ್ತಲಿಲ್ಲ. ಮಗುವಿನ ಅಪ್ಪ ಎಲ್ಲಿ ಅಂದರೆ, ಕೆಳಗೆ ಗಾಡಿ ಹತ್ತಿರ ಇದ್ದಾರಂತೆ. ಕರೆಸಿದೆ. ಬಂದವರು ಬಾಗಿಲಲ್ಲೇ ನಿಂತರು. ಮೀಸೆ, ಮಾಸ್ಕ್. "ಮಾಸ್ಕ್ ಒಂಚೂರು ಇಳಿಸ್ತೀರಾ? ತುಟಿ ನೋಡ್ಬೇಕು," ಅಂದೆ. ಟಾರ್ಚ್ ಬೆಳಕಿಗೆ ಕೆಳತುಟಿಯ ಎರಡು ಗುಳಿಗಳು ಚೆನ್ನಾಗಿ ಕಂಡವು. ಒಂದರಲ್ಲಿ ಜೊಲ್ಲಿನ ಹನಿ ಮಿಣುಗುತ್ತಿತ್ತು.

"ಇದಾ ಮೇಡಂ? ಇದು ಹುಟ್ಟಿದಾಗಿಂದ ಇದೆ. ನಮ್ಮಪ್ಪಂಗೂ ಇತ್ತು. ಏನ್ ತೊಂದ್ರೆ ಇಲ್ಲ ಇದ್ರಿಂದ."

ಅಜ್ಜಿ ಮಗನ ತುಟಿಯನ್ನೇ ನೋಡುತ್ತಾ ಕೂತರು. ಸೊಸೆ ಮೊದಲ ಸಲ ನನ್ನ ಮುಖ ನೋಡಿದರು.

ಇಲ್ಲಿ ಒಂದು ಎಚ್ಚರ ಬೇಕು. ಅಮ್ಮನ ತಲೆಯಿಂದ ಇಳಿದ ತಪ್ಪು ಹಾಗೇ ಅಪ್ಪನ ತಲೆಗೆ ಏರಬಾರದು. ಜೀನ್ ಯಾರೂ ಬೇಕಂತ ಕೊಡುವುದಿಲ್ಲ, ಕೊಡದೆ ಇರೋಕೂ ಆಗುವುದಿಲ್ಲ. ಆದರೆ ಆ ಮನೆಗೆ ಹೇಳಬೇಕಾದ ಲೆಕ್ಕ ಮಾತ್ರ ಪೂರ್ತಿ ಬದಲಾಯಿತು. ಒಂಟಿ ಸೀಳಾಗಿದ್ದರೆ ಮುಂದಿನ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 5. ಇಲ್ಲಿ ಆ ಜೀನ್ ದಾಟುವ ಸಾಧ್ಯತೆ ಪ್ರತಿ ಬಸಿರಿಗೂ ಅರ್ಧಕ್ಕರ್ಧ. ದಾಟಿದವರಿಗೆಲ್ಲ ಸೀಳು ಬರಲೇಬೇಕು ಅಂತಿಲ್ಲ, ಬರೀ ಗುಳಿಯಾಗಿಯೂ ಉಳಿಯಬಹುದು. "ಇನ್ನೊಂದು ಮಗುಗೂ ಆಗುತ್ತಾ?" ಅನ್ನುವ ಪ್ರಶ್ನೆಗೆ ಉತ್ತರ ಹೀಗೆ ಒಂದು ಟಾರ್ಚಿನ ಬೆಳಕಿನಲ್ಲಿ ಬದಲಾಯಿತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಈ ಸಿಂಡ್ರೋಮ್‌ನ ಜೀನ್ ಸಿಕ್ಕಿದ ಕತೆ ನನಗೆ ತುಂಬಾ ಇಷ್ಟ. ಅಮೆರಿಕದ ಅಯೋವಾದ ಸಂಶೋಧಕರು ಒಂದನೇ ಕ್ರೋಮೋಸೋಮಿನ ಒಂದು ಭಾಗದವರೆಗೆ ಬಂದು ನಿಂತಿದ್ದರು. ಅಲ್ಲಿ ಜೀನ್‌ಗಳು ಹಲವಾರು. ಯಾವುದು ಅಂತ ಗೊತ್ತಿಲ್ಲ. ಆಗ ನೆರವಿಗೆ ಬಂದದ್ದು ಒಂದು ಅವಳಿ ಜೋಡಿ. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳು, ಆದರೆ ಸಿಂಡ್ರೋಮ್ ಇದ್ದದ್ದು ಒಬ್ಬರಿಗೆ ಮಾತ್ರ. ಉಳಿದದ್ದೆಲ್ಲ ಒಂದೇ ಆಗಿರುವ ಇಬ್ಬರಲ್ಲಿ ವ್ಯತ್ಯಾಸ ಎಲ್ಲಿದೆಯೋ ಅಲ್ಲೇ ಕಾರಣ ಇರಬೇಕು ಅಲ್ವಾ? ಐಆರ್‌ಎಫ್6 ಅನ್ನುವ ಜೀನ್‌ನಲ್ಲಿ ಆ ವ್ಯತ್ಯಾಸ ಸಿಕ್ಕಿತು. 2002ರಲ್ಲಿ ಪ್ರಕಟವಾಯಿತು. ಆಮೇಲೆ ನೋಡಿದರೆ ಇದೇ ಜೀನ್‌ನ ಹತ್ತಿರದ ಸಣ್ಣ ಬದಲಾವಣೆಗಳು ಸಿಂಡ್ರೋಮ್ ಇಲ್ಲದ, ಒಂಟಿ ಸೀಳಿನ ಮಕ್ಕಳಲ್ಲೂ ಸ್ವಲ್ಪ ಪಾತ್ರ ವಹಿಸುತ್ತವೆ ಅಂತ ತಿಳಿಯಿತು. ಹೀಗೆ ಅಪರೂಪದ ಮನೆತನವೊಂದರಲ್ಲಿ ಸಿಕ್ಕಿದ ಸುಳಿವು ಎಲ್ಲರ ಕೆಲಸಕ್ಕೂ ಬಂತು.

ಒಂದು ಸಣ್ಣ ಕೋರಿಕೆ, ಸರ್ಜನ್‌ಗಳಿಗೆ. ನೋಡೋಕೆ ಚೆನ್ನಾಗಿರಲ್ಲ ಅಂತ ಆ ಗುಳಿಗಳನ್ನು ಎಷ್ಟೋ ಸಲ ಕತ್ತರಿಸಿ ತೆಗೆಯುತ್ತೀರಿ. ತೆಗೆಯಿರಿ, ತಪ್ಪಿಲ್ಲ. ಡಿಸ್ಚಾರ್ಜ್ ಸಮರಿಯಲ್ಲಿ ಅದನ್ನೊಂದು ಸಾಲು ಬರೆಯಿರಿ. ಇಪ್ಪತ್ತು ವರ್ಷ ಆದ ಮೇಲೆ ಆ ಮಗು ಮದುವೆಯಾಗಿ ಬಂದಾಗ ಆ ಸಾಲು ಬೇಕಾಗುತ್ತದೆ.

ಈಗ ನನ್ನ ಸ್ವಂತ ಜಾಗಕ್ಕೆ ಬರುತ್ತೇನೆ. ಅಂಗಳ.

ನಾನು ಮಕ್ಕಳ ಕೈಲಿ ಹೇಳಿಸುವ ಸಾಲು "ಕಾಗೆ ಕಾಲು ಕಪ್ಪು". ಕ, ಗ, ಪ ಬರಬೇಕಾದರೆ ಬಾಯಲ್ಲಿ ಗಾಳಿ ಒತ್ತಡ ಕಟ್ಟಬೇಕು. ಅದಕ್ಕೆ ಹಿಂದಿನ ಮೆದು ಅಂಗಳ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು. ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿನಲ್ಲಿ ವಿಷಲ್ ಬರೋದಿಲ್ಲವಲ್ಲ, ಹಾಗೆ ಅಂಗಳ ಸರಿಯಾಗಿ ಮುಚ್ಚದಿದ್ದರೆ ಗಾಳಿಯೆಲ್ಲ ಮೂಗಿನಿಂದ ಸೋರುತ್ತದೆ. ಬ ಹೋಗಿ ಮ ಆಗುತ್ತದೆ, ದ ಹೋಗಿ ನ ಆಗುತ್ತದೆ. "ಅಪ್ಪ" ಅಂದದ್ದು ಮೂಗಿನ ಸದ್ದಿನ ಜೊತೆ "ಅಮ್ಮ" ಅಂತ ಕೇಳುತ್ತದೆ. ಮೂಗಿನ ಕೆಳಗೆ ಒಂದು ಪುಟ್ಟ ಕನ್ನಡಿ ಹಿಡಿದು "ಪಾಪ ಪಾಪ" ಹೇಳಿಸಿದರೆ ಕನ್ನಡಿ ಮಂಜಾಗುತ್ತದೆ. ಮಂಜಾಗಬಾರದು. ಮಕ್ಕಳಿಗೆ ಇದು ಆಟ, ಮತ್ತೆ ಮತ್ತೆ ಮಾಡ್ತೀನಿ ಅಂತಾರೆ.

ಕೆಲವು ಮಕ್ಕಳು ಬರುತ್ತಾರೆ, ಸೀಳೇ ಇಲ್ಲ. ಬಾಯಿ ತೆರೆದರೆ ಅಂಗಳ ಇಡಿಯಾಗಿದೆ. ಮಾತು ಮಾತ್ರ ಪೂರ್ತಿ ಮೂಗಿನಲ್ಲಿ. ಅಂಥವರಿಗೆ "ಆ" ಅನ್ನಿಸಿ ಕಿರುನಾಲಿಗೆ ನೋಡಬೇಕು. ಅದು ಎರಡಾಗಿ ಸೀಳಿದೆಯಾ? ಮೆದು ಅಂಗಳದ ನಡುವೆ ತೆಳ್ಳಗೆ ನೀಲಿ ಗೆರೆ ಕಾಣುತ್ತಿದೆಯಾ? ಬೆರಳಿಟ್ಟು ಮುಟ್ಟಿದರೆ ಗಟ್ಟಿ ಅಂಗಳದ ಹಿಂದಿನ ಅಂಚಿನಲ್ಲಿ ಒಂದು ಕಚ್ಚು ಸಿಗುತ್ತಿದೆಯಾ? ಮೇಲಿನ ಚರ್ಮ ಕೂಡಿಕೊಂಡು ಒಳಗಿನ ಸ್ನಾಯು ಕೂಡದೇ ಉಳಿದ ಸೀಳು ಇದು. ಕಿರುನಾಲಿಗೆ ಸೀಳಿರುವುದು ನೂರರಲ್ಲಿ ಒಬ್ಬಿಬ್ಬರಿಗೆ ಇದ್ದೇ ಇರುತ್ತದೆ, ಬಹಳಷ್ಟು ಮಂದಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಮಾತು ಮೂಗಿನಲ್ಲಿದ್ದು, ಕೂಸಾಗಿದ್ದಾಗ ಮೂಗಿನಿಂದ ಹಾಲು ಬರ್ತಿತ್ತು ಅಂತ ಅಮ್ಮ ಹೇಳಿದರೆ ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಆಗ ನನ್ನ ತಲೆಗೆ ಬರುವ ಮೊದಲ ಹೆಸರು 22ಕ್ಯೂ11. ಇಪ್ಪತ್ತೆರಡನೇ ಕ್ರೋಮೋಸೋಮಿನ ಒಂದು ತುಣುಕು ಇಲ್ಲದಿರುವುದು. ಸುಮಾರು 4,000 ಮಕ್ಕಳಲ್ಲಿ ಒಬ್ಬರಿಗೆ ಅಂತ ಹಳೆಯ ಅಂದಾಜು. ಇದನ್ನು ಮೂರು ಕಡೆಯಿಂದ ಮೂವರು ಬೇರೆ ಬೇರೆಯಾಗಿ ಕಂಡರು. 1965ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಆಂಜೆಲೊ ಡಿಜಾರ್ಜ್‌ಗೆ ಕಂಡದ್ದು ರೋಗನಿರೋಧಕ ಶಕ್ತಿ ಕಡಿಮೆ ಇದ್ದು ಕ್ಯಾಲ್ಸಿಯಂ ಇಳಿದ ಕೂಸುಗಳು. ಜಪಾನಿನ ಹೃದಯ ತಜ್ಞರಿಗೆ ಕಂಡದ್ದು ಹೃದಯದ ದೋಷ ಮತ್ತು ಒಂದೇ ಬಗೆಯ ಮುಖ. 1978ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಶ್ಪ್ರಿಂಟ್ಸನ್‌ಗೆ ಕಂಡದ್ದು ಅಂಗಳ, ಹೃದಯ, ಮುಖ, ಕಲಿಕೆಯ ಕಷ್ಟ ಒಟ್ಟಿಗೇ ಇರುವ ಮಕ್ಕಳು. ಮೂರೂ ಒಂದೇ ಅಂತ ಸಾಬೀತಾಗಲು 1990ರ ದಶಕ ಬರಬೇಕಾಯಿತು. ಶ್ಪ್ರಿಂಟ್ಸನ್ ಮಾತಿನ ಥೆರಪಿಯವರು ಅನ್ನೋದನ್ನು ಇಲ್ಲಿ ಹೇಳದೆ ಇರೋಕೆ ನನಗಾಗಲ್ಲ. ನಮ್ಮವರು!

ಹೆಸರು ಗೊತ್ತಾದರೆ ಏನು ಬಂತು, ಮದ್ದಿಲ್ಲವಲ್ಲ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೋದ ತುಣುಕನ್ನು ಮತ್ತೆ ತಂದಿಡೋಕೆ ಆಗುವುದಿಲ್ಲ. ಆದರೆ ಆಪರೇಷನ್ ಥಿಯೇಟರಿನಲ್ಲಿ ಏನಾಗಬಹುದು ನೋಡಿ. ಮೂಗಿನ ಮಾತು ಸರಿಮಾಡಲು ಗಂಟಲಿನ ಹಿಂಗೋಡೆಯಿಂದ ಒಂದು ಪಟ್ಟಿ ತೆಗೆದು ಅಂಗಳಕ್ಕೆ ಹೊಲಿಯುತ್ತಾರೆ. ಈ ಮಕ್ಕಳಲ್ಲಿ ಕೆಲವರಿಗೆ ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ನಾಳ ತನ್ನ ಜಾಗ ಬಿಟ್ಟು ಅದೇ ಹಿಂಗೋಡೆಯ ನಡುವಿಗೆ ಸರಿದಿರುತ್ತದೆ. ಸರ್ಜನ್‌ಗೆ ಮೊದಲೇ ಗೊತ್ತಿದ್ದರೆ ಸ್ಕ್ಯಾನ್ ಮಾಡಿಸಿ, ಎಲ್ಲಿ ಕತ್ತರಿಸಬೇಕು ಅಂತ ಯೋಚಿಸುತ್ತಾರೆ. ಆಪರೇಷನ್ನಿನ ಒತ್ತಡಕ್ಕೆ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬರಬಹುದು. ಗೊತ್ತಿದ್ದರೆ ಮೊದಲೇ ರಕ್ತ ನೋಡುತ್ತಾರೆ. ಎಳೆಗೂಸಿಗೆ ರಕ್ತ ಕೊಡಬೇಕಾಗಿ ಬಂದರೆ, ಥೈಮಸ್ (ರೋಗನಿರೋಧಕ ಕಣಗಳು ಬಲಿಯುವ ಎದೆಯ ಗ್ರಂಥಿ) ಸರಿಯಿದೆ ಅಂತ ಖಾತ್ರಿಯಾಗುವವರೆಗೆ ವಿಕಿರಣ ಹಾಯಿಸಿದ ರಕ್ತವನ್ನೇ ಕೊಡುತ್ತಾರೆ. ಇದು ಮದ್ದಲ್ಲ, ಒಪ್ಪಿದೆ. ಆದರೆ ಮಗು ಥಿಯೇಟರಿನಿಂದ ಕ್ಷೇಮವಾಗಿ ಹೊರಬರೋದು ಇಂಥದ್ದರಿಂದಲೇ.

ಇದೇ ಸಿಂಡ್ರೋಮ್ ಬಗ್ಗೆ ಹೇಳೋಕೆ ಕಷ್ಟವಾದ ಇನ್ನೊಂದು ಸಂಗತಿ ಇದೆ. ಬೆಳೆದು ದೊಡ್ಡವರಾದ ಮೇಲೆ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾದಂಥ ಮನೋರೋಗ ಬರುವ ಅಪಾಯ. ಮೂರು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಮ್ಮನಿಗೆ ಇದನ್ನು ಯಾವಾಗ ಹೇಳಬೇಕು? ಮೊದಲ ದಿನವೇ ಎಲ್ಲ ಸುರಿಯುವುದು ಕ್ರೌರ್ಯ ಅಂತ ನನಗನ್ನಿಸುತ್ತದೆ. ಮುಚ್ಚಿಡುವುದು ಮೋಸ. ಹೃದಯ, ಕ್ಯಾಲ್ಸಿಯಂ, ಮಾತು, ಶಾಲೆ, ಹೀಗೆ ಒಂದೊಂದಾಗಿ, ಮಗು ಬೆಳೆದ ಹಾಗೆ ಹೇಳುತ್ತಾ ಹೋಗುವುದು ಸರಿ. ಆದರೆ ಅದಕ್ಕೆ ಆ ಮನೆಯವರು ನಮ್ಮ ಹತ್ತಿರ ಮತ್ತೆ ಮತ್ತೆ ಬರುತ್ತಿರಬೇಕು. ನೂರಾರು ಕಿಲೋಮೀಟರ್ ದೂರದ ಊರಿನಿಂದ, ಕೂಲಿ ಬಿಟ್ಟು, ಎಷ್ಟು ಸಲ ಬಂದಾರು?

ಟೆಸ್ಟ್ ವಿಷಯದಲ್ಲೂ ಒಂದು ತೊಡಕಿದೆ. "ಜೆನೆಟಿಕ್ ಟೆಸ್ಟ್ ಆಗಿದೆ ಮೇಡಂ, ನಾರ್ಮಲ್" ಅಂತ ಫೈಲು ಕೊಡುತ್ತಾರೆ. ತೆರೆದು ನೋಡಿದರೆ ಹಳೆಯ ಕ್ಯಾರಿಯೋಟೈಪ್. ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್‌ಗಳನ್ನು ಎಣಿಸಿ, ಆಕಾರ ನೋಡಿ ಕೊಡುವ ವರದಿ. ಡೌನ್ ಸಿಂಡ್ರೋಮ್ ಅದರಲ್ಲಿ ಕಾಣುತ್ತದೆ. 22ಕ್ಯೂ11ರಲ್ಲಿ ಸಾಮಾನ್ಯವಾಗಿ ಹೋಗಿರುವುದು ಡಿಎನ್‌ಎಯ ಸುಮಾರು 30 ಲಕ್ಷ ಅಕ್ಷರ. ಒಟ್ಟು 300 ಕೋಟಿ ಅಕ್ಷರಗಳ ಮುಂದೆ ಅದು ಆ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಅದಕ್ಕೆ ಫಿಶ್, ಎಂಎಲ್‌ಪಿಎ, ಮೈಕ್ರೋಅರ್ರೇ ಥರದ ಟೆಸ್ಟ್ ಬೇಕು. ಇನ್ನೊಂದು ಕಡೆ, ಐಆರ್‌ಎಫ್6ನ ಒಂದಕ್ಷರದ ತಪ್ಪು ಮೈಕ್ರೋಅರ್ರೇಯಲ್ಲಿ ಸಿಗುವುದಿಲ್ಲ, ಅದಕ್ಕೆ ಜೀನ್ ಓದಬೇಕು. ಏನನ್ನು ಹುಡುಕುತ್ತಿದ್ದೇವೆ ಅಂತ ಗೊತ್ತಿಲ್ಲದೆ ಬರೆದುಕೊಟ್ಟ ಟೆಸ್ಟ್ ದುಡ್ಡು ಹಾಳು ಮಾಡುವುದಷ್ಟೇ ಅಲ್ಲ, "ನಾರ್ಮಲ್" ಅನ್ನುವ ಸುಳ್ಳು ನೆಮ್ಮದಿಯನ್ನೂ ಕೊಡುತ್ತದೆ. ಅದಕ್ಕೇ ನನ್ನ ಹಟ ಇಷ್ಟೇ. ಎಲ್ಲ ಮಕ್ಕಳಿಗೂ ಟೆಸ್ಟ್ ಬೇಡ. ಎಲ್ಲ ಮಕ್ಕಳನ್ನೂ ತಲೆಯಿಂದ ಕಾಲಿನವರೆಗೆ ಒಮ್ಮೆ ಸರಿಯಾಗಿ ನೋಡಿ.

ನೋಡೋದು ಅಂದರೆ ಏನು? ಬಟ್ಟೆ ಬಿಚ್ಚಿ ನೋಡಬೇಕು. ತಲೆ ಸುತ್ತಳತೆ, ಎತ್ತರ, ತೂಕ. ಕಿವಿ ಎಲ್ಲಿ ಕೂತಿದೆ, ಕಿವಿಯ ಆಕಾರ ಹೇಗಿದೆ. ಬೆರಳು ಸರಿಯಾಗಿ ಐದಿವೆಯಾ, ಕೂಡಿವೆಯಾ, ನಡುವೆ ಬಿರುಕಿದೆಯಾ. ಕೂದಲು, ಹಲ್ಲು, ಉಗುರು ಹೇಗಿವೆ, ಬೆವರು ಬರುತ್ತದಾ. ಮೊಣಕಾಲ ಹಿಂದೆ ಚರ್ಮ ಪರದೆಯಂತೆ ಎಳೆದುಕೊಂಡಿದೆಯಾ. ಎದೆಗೆ ಸ್ಟೆತಸ್ಕೋಪ್. ಇಷ್ಟಕ್ಕೆ ಹೆಚ್ಚು ಹೊತ್ತು ಬೇಡ. ಆದರೆ ಸರ್ಜರಿ ಕ್ಯಾಂಪಿನ ದಿನ ಸಾಲು ಬಾಗಿಲಾಚೆ ಹೋಗಿರುವಾಗ ಅದೇ ತಪ್ಪಿಹೋಗುತ್ತದೆ.

ಗದ್ದ ಚಿಕ್ಕದಾಗಿ ಹಿಂದಕ್ಕೆ ಹೋಗಿರುವ ಕೂಸುಗಳ ಬಗ್ಗೆ ಒಂದು ಮಾತು. ಗದ್ದ ಚಿಕ್ಕದು, ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟುತ್ತದೆ, ಅಂಗಳ ಅಗಲವಾಗಿ ಸೀಳಿದೆ. ಫ್ರಾನ್ಸಿನ ಪಿಯರ್ ರಾಬಿನ್ 1923ರಲ್ಲಿ ವಿವರಿಸಿದ್ದರಿಂದ ಅವರದೇ ಹೆಸರು ಇದಕ್ಕೆ. ಮೊದಮೊದಲು ಎಲ್ಲರ ಗಮನವೂ ಉಸಿರು ಮತ್ತು ಹಾಲಿನ ಮೇಲೆ, ಅದು ಸಹಜ. ಆದರೆ ಇವರಲ್ಲಿ ಒಂದಿಷ್ಟು ಮಂದಿಗೆ ಹಿಂದೆ ಸ್ಟಿಕ್ಲರ್ ಸಿಂಡ್ರೋಮ್ ಇರುತ್ತದೆ. 1965ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಗನ್ನರ್ ಸ್ಟಿಕ್ಲರ್ ವಿವರಿಸಿದ್ದು. ಕಾಲಜನ್ ಎಂಬ ಪ್ರೋಟೀನಿನ ದೋಷ. ಅದು ಅಂಗಳದಲ್ಲಷ್ಟೇ ಅಲ್ಲ, ಕಣ್ಣೊಳಗಿನ ಲೋಳೆಯಲ್ಲಿ, ಕಿವಿಯಲ್ಲಿ, ಕೀಲುಗಳಲ್ಲೂ ಇದೆ. ಈ ಮಕ್ಕಳಿಗೆ ಚಿಕ್ಕಂದಿನಲ್ಲೇ ದೊಡ್ಡ ನಂಬರಿನ ಕನ್ನಡಕ ಬರುತ್ತದೆ, ಕಣ್ಣಿನ ರೆಟಿನಾ ಕಳಚಿಕೊಳ್ಳುವ ಅಪಾಯ ಜಾಸ್ತಿ. ಮೊದಲೇ ಗೊತ್ತಿದ್ದರೆ ಕಣ್ಣಿನ ಡಾಕ್ಟರು ವರ್ಷ ವರ್ಷ ನೋಡುತ್ತಾರೆ, ಕೆಲವರಿಗೆ ಮುಂಜಾಗ್ರತೆಯ ಚಿಕಿತ್ಸೆಯನ್ನೂ ಮಾಡುತ್ತಾರೆ. ಗೊತ್ತಿಲ್ಲದಿದ್ದರೆ ಎರಡನೇ ಕ್ಲಾಸಿನ ಹುಡುಗ ಒಂದು ದಿನ "ಈ ಕಣ್ಣಿಗೆ ಪರದೆ ಬಂದಂಗಿದೆ" ಅನ್ನುತ್ತಾನೆ.

ಇದರ ಸುಳಿವೂ ಮನೆಯಲ್ಲೇ ಇರುತ್ತದೆ. "ನಮ್ಮನೇಲಿ ಎಲ್ರೂ ಸೋಡಾಬುಡ್ಡಿ ಕನ್ನಡಕದೋರೇ," ಅಂತ ನಗುತ್ತಾ ಹೇಳುತ್ತಾರೆ. "ನಮ್ ದೊಡ್ಡಪ್ಪಂಗೆ ನಲವತ್ತಕ್ಕೇ ಕಣ್ಣು ಹೋಯ್ತು, ಮಂಡಿನೂ ಹಿಡ್ಕೊಂಡಿತ್ತು." ಅವರು ಅದನ್ನು ಅಂಗಳಕ್ಕೆ ಜೋಡಿಸಿ ಹೇಳುವುದಿಲ್ಲ. ಯಾಕೆ ಹೇಳುತ್ತಾರೆ? ಕೇಳಿದವರು ಬರೀ "ಮನೇಲಿ ಬೇರೆ ಯಾರಿಗಾದ್ರೂ ಸೀಳಿದೆಯಾ" ಅಂತ ತಾನೇ ಕೇಳಿರೋದು.

ಹಾಗಾಗಿ ನಾನು ಮೂರು ತಲೆಮಾರಿನ ವಂಶವೃಕ್ಷ ಬರೆಸುತ್ತೇನೆ. ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ತೊಂದರೆ ಇದ್ದವರಿಗೆ ಕಪ್ಪು ತುಂಬುವುದು, ಸಂಬಂಧದಲ್ಲೇ ಮದುವೆಯಾಗಿದ್ದರೆ ಎರಡು ಗೆರೆ. ನಮ್ಮ ಕಡೆ ಈ ಎರಡು ಗೆರೆ ತುಂಬಾ ಸಲ ಎಳೆಯಬೇಕಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ರಕ್ತಸಂಬಂಧದಲ್ಲೇ ಆಗುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟಿದ್ದರೆ ಗೆರೆ ನೇರ ಬರುವುದೇ ಇಲ್ಲ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಓರೆಯಾಗಿ ಇಳಿಯುತ್ತದೆ. ವಿದೇಶದ ಸಾಫ್ಟ್‌ವೇರಿನಲ್ಲಿ ಇದನ್ನು ಬರೆಯಲು ಹೋಗಿ ಸಾಕಾಗಿ ಪೆನ್ಸಿಲ್ ಹಿಡಿದೆ.

ಆದರೆ ಸೋದರಿಕೆ ಮದುವೆಯ ಮೇಲೆ ಎಲ್ಲವನ್ನೂ ಹಾಕುವುದು ತಪ್ಪು. ನಾನು ಮೇಲೆ ಹೇಳಿದ ಸಿಂಡ್ರೋಮ್‌ಗಳಲ್ಲಿ ವ್ಯಾನ್ ಡರ್ ವೂಡ್‌ಗೆ ಒಬ್ಬರ ಕಡೆಯ ಒಂದೇ ಪ್ರತಿ ಸಾಕು. ಸ್ಟಿಕ್ಲರ್ ಕೂಡ ಬಹುಪಾಲು ಹಾಗೇ. 22ಕ್ಯೂ11 ಅಂತೂ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಹೊಸದಾಗಿ ಆಗಿರುತ್ತದೆ, ಅಪ್ಪ-ಅಮ್ಮ ಇಬ್ಬರಲ್ಲೂ ಇರುವುದಿಲ್ಲ. ಇವರು ಹೊರಗಿನ ಸಂಬಂಧ ಮಾಡಿದ್ದರೂ ಅದೇ ಆಗುತ್ತಿತ್ತು. ಇಬ್ಬರ ಕಡೆಯಿಂದಲೂ ದೋಷ ಬಂದರೆ ಮಾತ್ರ ಕಾಣಿಸಿಕೊಳ್ಳುವ ಸಿಂಡ್ರೋಮ್‌ಗಳು ಬೇರೆ ಇವೆ, ಅಲ್ಲಿ ರಕ್ತಸಂಬಂಧ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ಯಾವುದು ಅಂತ ತಿಳಿಯದೆ "ಸಂಬಂಧದಲ್ಲಿ ಮಾಡ್ಕೊಂಡ್ರಲ್ಲ, ಅದಕ್ಕೇ" ಅಂತ ಒಪಿಡಿಯಲ್ಲಿ ಒಂದು ಮಾತು ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಮಾತು ಹೊತ್ತುಕೊಂಡು ಆ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಹೋಗಬೇಕು.

ಸರ್ಕಾರದ ಕಡೆಯಿಂದ ಏನೂ ಇಲ್ಲ ಅಂತಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬರುವ ಒಂಬತ್ತು ತೊಂದರೆಗಳ ಪಟ್ಟಿ ಇದೆ. ಸೀಳು ತುಟಿ, ಸೀಳು ಅಂಗಳ ಅದರಲ್ಲಿದೆ. ಅದೇ ಪಟ್ಟಿಯಲ್ಲಿ ಹುಟ್ಟು ಹೃದಯ ದೋಷ, ಹುಟ್ಟು ಕಿವುಡು, ಹುಟ್ಟು ಕಣ್ಣಿನ ಪೊರೆ ಕೂಡ ಇವೆ. ಒಂದೊಂದನ್ನೂ ಬೇರೆ ಬೇರೆ ಕಡೆ ಕಳಿಸುತ್ತಾರೆ, ಬೇರೆ ಬೇರೆ ಲೆಕ್ಕ ಇಡುತ್ತಾರೆ. ನನ್ನ ಆಸೆ ಚಿಕ್ಕದು. ಒಂದೇ ಮಗುವಿನ ಹೆಸರಿನ ಮುಂದೆ ಎರಡು ಕಡೆ ಟಿಕ್ ಬಿದ್ದರೆ ಆ ಹಾಳೆಗೆ ಕೆಂಪು ಗುರುತು ಹಾಕಿ ಜೆನೆಟಿಕ್ ಕ್ಲಿನಿಕ್‌ಗೆ ಕಳಿಸಿ. ಹೊಸ ಯೋಜನೆ ಬೇಡ, ಹೊಸ ಮೆಷಿನ್ ಬೇಡ.

ದುಡ್ಡಿನ ಮಾತೂ ಬರುತ್ತದೆ. ಸ್ಮೈಲ್ ಟ್ರೇನ್‌ನಂಥ ಸಂಸ್ಥೆಗಳ ನೆರವಿನಿಂದ ಸೀಳಿನ ಆಪರೇಷನ್ ಇವತ್ತು ಬಡವರಿಗೂ ಪುಕ್ಕಟೆ ಸಿಗುತ್ತದೆ, ಅದು ಸಣ್ಣ ಮಾತಲ್ಲ. ಜೀನ್ ಟೆಸ್ಟ್ ಮಾತ್ರ ಎಷ್ಟೋ ಸಲ ಮನೆಯವರ ಜೇಬಿನಿಂದಲೇ ಹೋಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಮೇಲೆ "ಬದಲಾವಣೆ ಕಂಡಿದೆ, ಅದರ ಅರ್ಥ ಸದ್ಯಕ್ಕೆ ಗೊತ್ತಿಲ್ಲ" ಅನ್ನುವ ವರದಿ ಬರುವುದೂ ಉಂಟು. ಹೋಲಿಸಿ ನೋಡುವ ದತ್ತಾಂಶದಲ್ಲಿ ನಮ್ಮ ಜನ ಕಡಿಮೆ ಇರುವುದು ಇದಕ್ಕೊಂದು ಕಾರಣ. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಬೆಂಗಳೂರಿನಿಂದಲೇ ನಡೆಸಿದರು. ಇದರಿಂದ ಆ "ಗೊತ್ತಿಲ್ಲ"ಗಳು ಕಡಿಮೆಯಾಗಬೇಕು. ಪುಸ್ತಕದ ಫೋಟೋಗಳದ್ದೂ ಅದೇ ಕತೆ. ನಾನು ಓದುವಾಗ ನೋಡಿದ ಸಿಂಡ್ರೋಮ್ ಮಕ್ಕಳೆಲ್ಲ ಬಿಳಿಯರ ಮಕ್ಕಳು. ನಮ್ಮ ಮಗುವಿನ ಮುಖದಲ್ಲಿ 22ಕ್ಯೂ11 ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಉದ್ದ ಮೂಗು, ಸಣ್ಣ ಕಣ್ಣು ನಮ್ಮಲ್ಲಿ ಅವರ ಅಪ್ಪನದೂ ಆಗಿರಬಹುದು! ಅದಕ್ಕೇ ಮಗುವಿನ ಮುಖ ನೋಡುವಾಗ ಅಪ್ಪ-ಅಮ್ಮನ ಮುಖ ಪಕ್ಕದಲ್ಲೇ ಇರಬೇಕು.

ಇಷ್ಟೆಲ್ಲ ಓದಿ ಯಾರಾದರೂ ರಿಪೋರ್ಟ್ ಬರಲಿ ಅಂತ ಆಪರೇಷನ್ ಮುಂದೂಡಬೇಡಿ. ತುಟಿಗೆ ಮೂರರಿಂದ ಆರು ತಿಂಗಳು, ಅಂಗಳಕ್ಕೆ ಸುಮಾರು ಒಂದು ವರ್ಷ. ಅಂಗಳ ತಡವಾದಷ್ಟೂ ಮಾತು ಕೆಡುತ್ತದೆ, ಕೆಟ್ಟ ಅಭ್ಯಾಸ ಬಿಡಿಸೋಕೆ ನಾನು ಮತ್ತು ಮಗು ಇಬ್ಬರೂ ಒದ್ದಾಡಬೇಕು. ಹೃದಯ, ಉಸಿರಾಟ, ಕ್ಯಾಲ್ಸಿಯಂ ಬಗ್ಗೆ ಅನುಮಾನ ಇದ್ದರೆ ಅದನ್ನು ಮೊದಲು ನೋಡಿಸಿ. ಜೀನ್‌ನ ಹೆಸರು ಆಮೇಲೆ ಬಂದರೂ ನಡೆಯುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಹೋಗಲು ಜಾಗಗಳಿವೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ. ಮಾತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಸೀಳಿನ ಮಕ್ಕಳಿಗಾಗಿಯೇ ಒಂದು ಘಟಕ ಇದೆ. ಹೋಗುವಾಗ ಹುಟ್ಟಿದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ದರೆ ಅದರ ರಿಪೋರ್ಟ್, ಬಸಿರಿನಲ್ಲಿ ತಗೊಂಡ ಮಾತ್ರೆಗಳ ಚೀಟಿ ಒಯ್ಯಿರಿ. ಆಪರೇಷನ್ನಿಗೆ ಮುಂಚಿನ ಮಗುವಿನ ಫೋಟೋ ಡಿಲೀಟ್ ಮಾಡಿದ್ದರೆ ಅಜ್ಜಿ ಫೋನಿನಲ್ಲಿ ಹುಡುಕಿ, ಇದ್ದೇ ಇರುತ್ತದೆ. ತಾತ ಈಗಿಲ್ಲದಿದ್ದರೆ ಮದುವೆ ಆಲ್ಬಂ ತನ್ನಿ. ಮೇಲ್ತುಟಿ ಮೀಸೆಯಲ್ಲಿ ಮುಚ್ಚಿರಬಹುದು, ಕೆಳತುಟಿ ಕಾಣುತ್ತದೆ. ಮತ್ತೆ, ಅಪ್ಪನನ್ನು ಗಾಡಿ ಹತ್ತಿರ ಬಿಡಬೇಡಿ, ಒಳಗೆ ಕರೆದುಕೊಂಡು ಬನ್ನಿ.